ಓಕೆಗೊಂದು ಪ್ರಾಸ

"ನಿಮ್ಮ ಹೆಸರೇನು ಸಾರ್?"

"ಓಕೆ."

"ಈಗ ಬೆಳಿಗ್ಗೆನಾ, ಸಂಜೆನಾ?"

"ಓಕೆ."

"ಪಕ್ಕದಲ್ಲಿ ಕೂತಿರೋರು ಯಾರು?"

ಅಪ್ಪ ಮಗಳ ಕಡೆ ತಿರುಗಿದರು. ತುಟಿ ನಡುಗಿತು, ಕೊರಳ ನರ ಉಬ್ಬಿತು. 'ಗುಬ್ಬಿ ಅನ್ನಿ ಅಪ್ಪಾ... ಒಂದೇ ಒಂದು ಸಲ ಗುಬ್ಬಿ ಅನ್ನಿ...' ಅವಳು ಮನಸ್ಸಲ್ಲೇ ಬೇಡಿಕೊಂಡಳು.

"ಓಕೆ," ಎಂದರು ಅಪ್ಪ. ಕಣ್ಣಲ್ಲಿ ನೀರು ತುಂಬಿತ್ತು.

ಮೇಜಿನ ಆಚೆ ಕೂತಿದ್ದ ಸ್ಪೀಚ್ ಥೆರಪಿಸ್ಟ್ ಮುಗುಳ್ನಕ್ಕ!

ಗುಬ್ಬಿಗೆ ಮೈಯೆಲ್ಲ ಉರಿದುಹೋಯಿತು. "ನಗ್ತಿದ್ದೀರಾ? ಮೂರು ತಿಂಗಳಿಂದ ಊಟಕ್ಕೂ ಓಕೆ, ನೋವಿಗೂ ಓಕೆ. ನಿಮಗಿದು ತಮಾಷೆನಾ?"

"ಅಯ್ಯೋ, ತಪ್ಪು ತಿಳ್ಕೋಬೇಡಿ!" ಅವನು ಗಾಬರಿಯಿಂದ ಎದ್ದು ನಿಂತ. "ಸ್ಟ್ರೋಕ್ ಆದ್ಮೇಲೆ ಎಷ್ಟೋ ಜನಕ್ಕೆ ಒಂದು ಮಾತೂ ಉಳಿಯಲ್ಲ. ಇವರಿಗೆ ಒಂದು ಉಳಿದಿದೆ. ಮನೆಗೆ ಬೀಗ ಬಿದ್ರೂ ಒಂದು ಕಿಟಕಿ ತೆರೆದಿದೆಯಲ್ಲ ಅಂತ ಸಂತೋಷ ಆಯ್ತು. ಅಷ್ಟೇ."

ಅವಳ ಸಿಟ್ಟು ಪೂರ್ತಿ ಇಳಿಯಲಿಲ್ಲ. ಆದರೆ ಆ ಕಿಟಕಿಯ ಮಾತು ಎದೆಯೊಳಗೆ ಎಲ್ಲೋ ಹೋಗಿ ಕೂತಿತು.

ಅಪ್ಪ ಬಸ್ ನಿಲ್ದಾಣದಲ್ಲಿ ಇಪ್ಪತ್ತೆಂಟು ವರ್ಷ ಮೈಕಿನ ಮುಂದೆ ಕೂತವರು. ಯಾವ ಬಸ್ಸು ಎಲ್ಲಿಗೆ, ಯಾವುದು ತಡ ಎಂದು ಊರಿಗೆಲ್ಲ ಹೇಳಿದ ಗಂಟಲು ಅದು. ರೆಕಾರ್ಡ್ ಮಾಡಿಟ್ಟ ಆ ಧ್ವನಿ ಇವತ್ತಿಗೂ ನಿಲ್ದಾಣದಲ್ಲಿ 'ಪ್ರಯಾಣಿಕರು ದಯವಿಟ್ಟು ಗಮನಿಸಿ' ಎನ್ನುತ್ತದೆ. ಮನೆಯಲ್ಲಿ ಮಾತ್ರ ಅದಕ್ಕೆ ಒಂದು ಲೋಟ ನೀರು ಕೇಳಲೂ ಆಗದು.

ಬೆಳಗಾದರೆ ದೇವರ ಮುಂದೆ ಪದ್ಯ ಹಾಡಿಯೇ ಮಗಳನ್ನು ಎಬ್ಬಿಸುತ್ತಿದ್ದವರು. ಈಗಲೂ ಕೈಮುಗಿದು ಕೂರುತ್ತಾರೆ. ರಾಗ ಅದೇ, ತಾಳ ಅದೇ... ಮಾತು ಮಾತ್ರ 'ಓಕೆ ಓಕೆ ಓಕೆ'. ಗೋಡೆಯಾಚೆ ಅಂಗಿಗಳಿಗೆ ಗುಂಡಿ ಹೊಲಿಯುತ್ತ ಕೂತ ಗುಬ್ಬಿಗೆ ಸೂಜಿಯ ಕಣ್ಣೇ ಕಾಣುತ್ತಿರಲಿಲ್ಲ.

ಗುಬ್ಬಿ ಇದನ್ನು ಹೇಳಿದ್ದೇ ತಡ, ಥೆರಪಿಸ್ಟನ ಮುಖ ಅರಳಿತು. "ಪದ್ಯನಾ! ಹಾಗಾದ್ರೆ ಓಕೆಗೆ ಪ್ರಾಸ ಹುಡುಕೋಣ. ಆ ದಾರೀಲಿ ಇನ್ನೊಂದು ಮಾತು ಬಂದ್ರೂ ಬಂತು."

"ಇಂಗ್ಲಿಷ್ ಮಾತಿಗೆ ನಮ್ಮ ಪ್ರಾಸವಾ?"

"ಮನೆಗೆ ಬಂದವರಿಗೆ ಜೊತೆ ಹುಡುಕಿಕೊಟ್ರೆ ತಪ್ಪೇನು?"

ಮಂಗಳವಾರ, ಶುಕ್ರವಾರ ಅವನು ಮನೆಗೇ ಬರತೊಡಗಿದ. ಮನೆ ನೋಡಿಕೊಳ್ಳುತ್ತಿದ್ದ ಅತ್ತೆ, ಅಪ್ಪನ ತಂಗಿ, ಅವನಿಗೆ 'ಮಾತಿನ ಮೇಷ್ಟ್ರು' ಎಂದು ಹೆಸರಿಟ್ಟಳು. ಗುಬ್ಬಿ ಅಂಗಿಯ ಅಳತೆ ಕತ್ತರಿಸುವ ಕಂದು ಕಾಗದ ಹಾಸಿ ಪ್ರಾಸ ಬರೆಯಲು ಕೂತಳು.

"ಯಾಕೆ," ಎಂದ ಅವನು.

"ಜೋಕೆ."

"ಸಾಕೆ, ಬೇಕೆ..."

"ಹರಕೆ. ನಂಬಿಕೆ."

"ಪೊರಕೆ ಅಂತಾನೂ ಬರ್ಕೊಳ್ಳೇ!" ಒಳಗಿನಿಂದ ಅತ್ತೆ ಕೂಗಿದಳು. "ಬೆಳಿಗ್ಗೆ ಬಿಸಿ ಗಂಜೀನ ಮೈಮೇಲೆ ಚೆಲ್ಕೊಂಡು, ಸುಡ್ತಾ ಅಣ್ಣ ಅಂದ್ರೆ ಓಕೆ ಅಂತಾನೆ!"

ಎಲ್ಲರೂ ನಕ್ಕರು. ಅಪ್ಪನೂ ನಕ್ಕರು. ಎಷ್ಟು ದಿನವಾಗಿತ್ತು ಅವರು ನಕ್ಕು!

ಗುಬ್ಬಿ ತಾನೇ ಎರಡು ಸಾಲು ಕಟ್ಟಿದಳು. ಅಪ್ಪನ ಮೊಣಕಾಲ ಮೇಲೆ ತಾಳ ಹಾಕುತ್ತ ಹಾಡಿದಳು:

"ದೀಪ ಉಂಟು, ಕತ್ತಲು ಯಾಕೆ?
ದೇವರು ಉಂಟು, ಅಂಜಿಕೆ..."

ಕೊನೆಯ ಮಾತು ಅಪ್ಪ ತುಂಬಬೇಕು. ಅವರು ಕಣ್ಣು ಮುಚ್ಚಿದರು. ತಾಳಕ್ಕೆ ತಲೆದೂಗಿದರು.

"...ಓಕೆ."

ವಾರ ಉರುಳಿತು, ತಿಂಗಳು ಉರುಳಿತು. ನಲವತ್ತು ಸಲ, ನೂರು ಸಲ... ಓಕೆ. ಗುಬ್ಬಿಯ ಧೈರ್ಯ ಕರಗುತ್ತ ಬಂತು. ಅವನು ಮಾತ್ರ ಪ್ರತಿ ಸಲವೂ ಮೊದಲ ಸಲದಂತೆ ಕಾಯುತ್ತಿದ್ದ. ಅಪ್ಪನ ಬಾಯಂಚಿನ ಜೊಲ್ಲನ್ನು ಅಸಹ್ಯಪಡದೆ ತನ್ನ ಕರವಸ್ತ್ರದಲ್ಲೇ ಒರೆಸುತ್ತಿದ್ದ.

'ಇವರು ಬರೋ ದಿನ ಯಾಕೆ ನಾನು ಎರಡೆರಡು ಸಲ ಕನ್ನಡಿ ನೋಡ್ತೀನಿ?'

ಒಂದು ಶುಕ್ರವಾರ ಕಾಗದದ ತುದಿಯಲ್ಲಿ ಅವಳ ಕೈ ತನಗೆ ತಾನೇ ಇನ್ನೊಂದು ಮಾತು ಬರೆಯಿತು. ಬಯಕೆ.

ಅವನು ಅದನ್ನು ಮೆಲ್ಲಗೆ ಓದಿದ. ತಲೆಯೆತ್ತಿದ. "ನೀರು ತರ್ತೀನಿ," ಎಂದು ಒಳಗೆ ಓಡಿದಳು.

ಅವಳು ಹೊರಗೆ ಬರುವಷ್ಟರಲ್ಲಿ ಅವನು ಚಪ್ಪಲಿ ಮೆಟ್ಟಿದ್ದ. "ಕೆಲಸ ಇದೆ," ಎಂದವನು ಅವಳ ಮುಖವನ್ನೂ ನೋಡಲಿಲ್ಲ.

ಮಂಗಳವಾರ ಬಾಗಿಲು ತಟ್ಟಿದ್ದು ಬೇರೆ ಯಾರೋ ಹೆಂಗಸು. "ಇನ್ಮೇಲೆ ನಾನು ಬರ್ತೀನಿ. ಈ ಕೇಸ್ ಬೇರೆಯವರಿಗೆ ಕೊಡಿ ಅಂತ ಅವರೇ ಬರೆದುಕೊಟ್ಟಿದ್ದಾರೆ."

ಗುಬ್ಬಿ ಮಡಿಸಿಟ್ಟ ಕಂದು ಕಾಗದದ ಕಡೆ ನೋಡಿದಳು. 'ವಾಸಿಯಾಗಲ್ಲ ಅಂತ ಗೊತ್ತಾಗಿರಬೇಕು. ಬಾಯಿಬಿಟ್ಟು ಹೇಳೋಕೆ ಆಗದೆ ಓಡಿಹೋಗಿದ್ದಾರೆ. ಅಥವಾ... ನಾನು ಬರೆದದ್ದು ನೋಡಿ?'

ಆ ಹೆಂಗಸು ಹೋದ ಮೇಲೆ ಅಪ್ಪನ ಮುಂದೆ ಕುಸಿದು ಕೂತಳು. "ಮೇಷ್ಟ್ರು ಇನ್ನು ಬರಲ್ಲ ಅಪ್ಪಾ. ನಮ್ಮ ಕೈ ಬಿಟ್ರು. ನಾನೇನ್ ಮಾಡ್ಲಿ? ನನ್ನಿಂದ ಏನೂ ಆಗ್ತಿಲ್ಲ... ಏನೂ!"

ಅಪ್ಪ ಬಾಗಿಲ ಕಡೆ ನೋಡಿದರು. ಅವಳನ್ನು ನೋಡಿದರು. ಸರಿಯಿದ್ದ ಎಡಗೈ ಅವಳ ತಲೆಗೆ ಬಂತು. ಬೆರಳು ಅಲ್ಲೇ ತಾಳ ಹಾಕಿತು.

"ಯಾ..."

ಗುಬ್ಬಿ ಅಳು ನಿಲ್ಲಿಸಿದಳು.

"ಯಾ... ಕೆ?"

ಅತ್ತೆಯ ಕೈಯಿಂದ ತಟ್ಟೆ ಜಾರಿ ಬಿತ್ತು. "ಅಣ್ಣಾ!"

ಗುಬ್ಬಿ ಆಸ್ಪತ್ರೆಗೆ ಹೊರಟಳು. ನಿಲ್ದಾಣದಲ್ಲಿ ನೆತ್ತಿಯ ಮೇಲೆ ಅಪ್ಪನ ಹಳೆಯ ಧ್ವನಿ: "ಬಸ್ಸು ತಡವಾಗಿದೆ. ದಯವಿಟ್ಟು ತಾಳ್ಮೆಯಿಂದ ಕಾಯಿರಿ."

"ಕಾಯ್ತಾನೇ ಇದೀನಲ್ಲ ಅಪ್ಪಾ..." ಎಂದು ಗೊಣಗಿ ಕಣ್ಣೊರೆಸಿಕೊಂಡಳು.

ಅವನು ಕಾರಿಡಾರಿನಲ್ಲೇ ಸಿಕ್ಕ.

"ಅಪ್ಪ 'ಯಾಕೆ' ಅಂದ್ರು."

"ಏನು? ನಿಜವಾಗ್ಲೂ!" ಅವನ ಕಣ್ಣು ತುಂಬಿಬಂತು.

"ನಾನೂ ಅದನ್ನೇ ಕೇಳೋಕೆ ಬಂದೆ. ಯಾಕೆ?"

ಅವನು ಗೋಡೆಗೊರಗಿದ.

"ಅವತ್ತು ನೀವು ನೀರಿಗೆ ಒಳಗೆ ಹೋದಾಗ... ಮನಸ್ಸು ತಡೀಲಿಲ್ಲ. ನಿಮ್ಮ ಮಗಳು ಅಂದ್ರೆ ನಂಗಿಷ್ಟ, ಕೊಡ್ತೀರಾ ಅಂತ ನಿಮ್ಮ ತಂದೇನ ಕೇಳಿಬಿಟ್ಟೆ."

"ಅಪ್ಪ ಏನಂದ್ರು?"

"ಇನ್ನೇನಂತಾರೆ? ಓಕೆ ಅಂದ್ರು." ಅವನು ತಲೆ ತಗ್ಗಿಸಿದ. "ಒಂದು ಕ್ಷಣ ಕುಣಿದಾಡೋ ಹಾಗಾಯ್ತು. ಆಮೇಲೆ ನನ್ನ ಮೇಲೆ ನನಗೇ ಅಸಹ್ಯ ಬಂತು. ಬೇಡ ಅನ್ನೋಕೆ ಬಾಯಿ ಇಲ್ಲದವರ ಹತ್ರ ಒಪ್ಪಿಗೆ ಕೇಳ್ತಾರಾ? ಅವರಿಗೆ ಮಾತು ಕಲಿಸೋಕೆ ಬಂದವನು ನಾನು. ಇನ್ನು ಯಾವ ಮುಖ ಇಟ್ಕೊಂಡು ಆ ಕುರ್ಚೀಲಿ ಕೂರಲಿ?"

"ನನಗೊಂದು ಮಾತು ಹೇಳ್ಬಹುದಿತ್ತಲ್ಲ! ನಂಗೆ ಬಾಯಿ ಇದೆಯಲ್ಲ!"

"ಹೇಳ್ಬೇಕಿತ್ತು... ಬಾಯಿ ಬರಲಿಲ್ಲ."

ಮಾತು ಕಲಿಸುವವನಿಗೇ ಮಾತು ಬಾರದ ಆ ಸಂಕಟ ಕಂಡು ಅವಳ ಸಿಟ್ಟೆಲ್ಲ ನೀರಾಯಿತು.

"ನಡೀರಿ ಮನೆಗೆ. ಅಪ್ಪ ಕೇಳಿದ ಪ್ರಶ್ನೆಗೆ ಅಪ್ಪನಿಗೇ ಉತ್ತರ ಹೇಳಿ."

ಸಂಜೆ ಅವನು ಅಪ್ಪನ ಕಾಲ ಬಳಿ ನೆಲದ ಮೇಲೆ ಕೂತ. ಕುರ್ಚಿಯನ್ನು ಮುಟ್ಟಲಿಲ್ಲ. ಬರದಿದ್ದ ಕಾರಣ ಹೇಳಿ, "ಅವತ್ತು ಕೇಳಿದ್ದು ತಪ್ಪು ಸಾರ್. ನಿಮಗೆ ಬೇಡ ಅನಿಸಿದ್ರೆ ತಲೆ ಅಲ್ಲಾಡಿಸಿ ಸಾಕು, ಎದ್ದು ಹೋಗ್ತೀನಿ," ಎಂದ.

ಅಪ್ಪ ತಲೆ ಅಲ್ಲಾಡಿಸಲಿಲ್ಲ. ಓಕೆ ಎಂದೂ ಹೇಳಲಿಲ್ಲ. ನಿಧಾನವಾಗಿ ಮಗಳ ಕಡೆ ತಿರುಗಿದರು. ಹಣೆಯಲ್ಲಿ ಬೆವರೊಡೆಯಿತು. ತಾಳ ತಪ್ಪಿತು, ಮತ್ತೆ ಹಿಡಿದರು.

"ಬೇ..."

ಅತ್ತೆ ಒಳಗಿನಿಂದ ಬಾಗಿಲಿಗೆ ಬಂದಳು.

"ಬೇ... ಕೆ?"

ಕೊಡುತ್ತೇನೆ ಎನ್ನಲಿಲ್ಲ ಅವರು. ಅವಳನ್ನೇ ಕೇಳಿದರು! ಮುಂದೆ ಏನೋ ಹೇಳಲು ಹೊರಟು ನಾಲಿಗೆ ತೊಡರಿ ನಿಂತುಬಿಟ್ಟರು. 'ಗುಬ್ಬಿ' ಎನ್ನಲಿದ್ದರೇನೋ... ಬರಲಿಲ್ಲ. ಬಂದೀತೆಂದು ಯಾರೂ ಭರವಸೆ ಕೊಡುವ ಹಾಗೂ ಇರಲಿಲ್ಲ.

ಸಾವಿರ ಮಾತಿದ್ದ ಗುಬ್ಬಿಗೆ ಈಗ ಒಂದೂ ಸಿಗಲಿಲ್ಲ.

"ಓಕೆ..." ಎಂದುಬಿಟ್ಟಳು!

"ಈ ಮನೇಲಿ ಆ ಮಾತು ನಂಬೋ ಹಾಗಿಲ್ಲ," ಎಂದ ಅವನು. "ಬೇರೆ ಏನಾದ್ರೂ ಹೇಳಿ."

ಅವಳು ಅಪ್ಪನ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡಳು.

"ಬೇಕು."

"ಇನ್ನೊಂದ್ಸಲ?"

"ಅಭ್ಯಾಸ ಮಾಡಿಸ್ತಿದ್ದೀರಾ?"

"ನೂರು ಸಲ ಆದ್ರೂ ಕಾಯೋನು ನಾನು. ಗೊತ್ತಲ್ಲ?"

"ಗೊತ್ತು," ಎಂದಳು ಅವಳು, ಅಳುತ್ತ, ನಗುತ್ತ. "ಬೇಕು... ಬೇಕು."