ಅಮಾವಾಸ್ಯೆಗೆ ಬರುವ ಗಂಡ

“ಮನಸಿಲ್ಲ ಅಂದ್ರ ಈಗ್ಲೇ ಹೇಳಿಬಿಡು, ಜುಬೇದಾ. ಬಿಡಸ್ಕೊಡ್ತೇನಿ.”

ನಿಕಾ ಆದ ಮೇಲೆ ಇಬ್ಬರೇ ನಿಂತು ಮಾತಾಡಿದ್ದು ಅದೇ ಮೊದಲು. ಅಲ್ಲಾವುದ್ದೀನ ಬ್ಯಾಡಗಿಯಿಂದ ಬೆಳಗಿನ ರೈಲಿಗೆ ರಾಣೆಬೆನ್ನೂರಿಗೆ ಬಂದಿದ್ದ.

ಜುಬೇದಾ ಹೊಲಿಗೆ ಮಶಿನ್ನಿನಿಂದ ತಲೆ ಎತ್ತಲಿಲ್ಲ. ಮಾತು ಕೇಳಿಸಿತು, ಅರ್ಥವೂ ಆಯಿತು. ಒಳಗೆ ಮಾತ್ರ ಏನೂ ಅಲುಗಾಡಲಿಲ್ಲ...

ಇವನು ನನ್ನ ಗಂಡ. ಬಿಟ್ಟುಬಿಡುತ್ತೇನೆ ಅನ್ನುತ್ತಿದ್ದಾನೆ. ನನಗೆ ಯಾಕೆ ಅಳು ಬರುತ್ತಿಲ್ಲ?

“ಬಿಡಸ್ರಿ,” ಅಂದಳು.

ಅವನು ನೀರೂ ಕುಡಿಯದೆ ಹೋದ.

ಬ್ಯಾಡಗಿಯಲ್ಲಿ ಬಾಡಿಗೆ ಮನೆ ಸಿಗುವ ತನಕ ಅವಳು ತಾಯಿಯ ತಂಗಿ, ಖಾಲಾ ಅಮೀರಬಿಯ ಮನೆಯಲ್ಲೇ ಇರಬೇಕೆಂದು ಮಾತಾಗಿತ್ತು. ಅವನು ಕೆಲಸ ಮಾಡುವ ಮೆಣಸಿನಕಾಯಿ ಅಂಗಡಿಯ ಸಾವ್ಕಾರ ಅಮಾವಾಸ್ಯೆಗೆ ಮಾತ್ರ ಬಾಗಿಲು ಹಾಕುತ್ತಿದ್ದ. ಹಾಗಾಗಿ ಅವನು ಬರುವುದೂ ಅವತ್ತೇ. ಬಂದಾಗಲೆಲ್ಲ ಅವಳು ಸಿಡುಕುತ್ತಿದ್ದಳು, ಇಲ್ಲವೇ ಕಲ್ಲಿನಂತೆ ಕೂರುತ್ತಿದ್ದಳು.

“ಅಳಿಯಾ ಅಮಾಸಿಗೆ ಬರ್ತಾನ, ಇಕಿ ದೆವ್ವ ಬಡದಂಗ ಕುಂದರ್ತಾಳ. ಯಾರಿಗೆ ಯಾರು ಬಡಕೊಂಡಾರೋ,” ಅನ್ನುತ್ತಿದ್ದಳು ಖಾಲಾ.

ಅವನು ಹೋದ ಮೂರನೇ ದಿನ ಜುಬೇದಾ ಮುಟ್ಟಾದಳು. ಎದೆಯ ಮೇಲಿನ ಚಪ್ಪಡಿ ಸರಿದಂತಾಯಿತು. ಆಗ ತಾನಾಡಿದ ಮಾತು ನೆನಪಾಯಿತು.

“ಖಾಲಾ... ನಾ ಅವರಿಗೆ ಎಂಥಾ ಮಾತ ಅಂದ್ನಿ!”

“ಬಿಡಸ್ರಿ ಅಂದಿ. ಅವ ಹೋಗಿ ಹಿರೇರಿಗೆ ಹೇಳ್ಯಾನ. ಮೆಣಸಿನಕಾಯಿ ಸುಗ್ಗಿ ಮುಗದ ಮ್ಯಾಲ ಬಿಡಸಾಕ ಕೂಡ್ತಾರಂತ.”

ಜುಬೇದಾ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅಮೀರಬಿ ಅಳು ನಿಲ್ಲಲಿ ಎಂದು ಕಾದಳು.

“ಏಳು. ದರ್ಗಾಕ್ಕೂ ಹೋಗೂಣು, ಹಾವೇರಿ ಡಾಕ್ಟರ್ ಬಾಯಿ ಕಡೇನೂ ಹೋಗೂಣು. ಯಾರಿಂದ ಗುಣಾ ಆದ್ರೇನು?”

ಡಾಕ್ಟರ್ ನಲಿನಿ ಎಲ್ಲವನ್ನೂ ಕೇಳಿಸಿಕೊಂಡರು.

“ಗಂಡ ಯಾವಾಗ ಬರ್ತಾನ?”

“ಅಮಾಸಿಗ್ರಿ.”

“ಮುಟ್ಟು?”

ಜುಬೇದಾ ಬೆರಳು ಮಡಚಿ ಎಣಿಸಿದಳು. “...ಅಮಾಸಿ ದಾಟಿದ ಮ್ಯಾಲ್ರಿ.”

“ಅಂದ್ರ ನಿನ್ನ ಖರೇ ಸ್ವಭಾವ ಅವ ಇನ್ನೂ ನೋಡೇ ಇಲ್ಲ. ಕೆಲವರಿಗೆ ಮುಟ್ಟಿನ ಮೊದ್ಲ ಮನಸ್ಸು ಹಿಂಗ ಕುಸೀತದ. ದೆವ್ವ ಅಲ್ಲ, ಸೊಕ್ಕೂ ಅಲ್ಲ. ದಿನಕ್ಕ ಎಷ್ಟ ಚಾ ಕುಡೀತಿ?”

“ಕೇಳಬ್ಯಾಡ್ರಿ ಬಾಯಾರ,” ಅಂದಳು ಅಮೀರಬಿ. “ಮಶಿನ್ನಿಗೆ ಎಣ್ಣಿ, ಇಕಿಗೆ ಚಾ. ಊಟದ ನೆಪ್ಪೇ ಇರೂದಿಲ್ಲ.”

“ಚಾ ಕಡಿಮಿ ಮಾಡು. ಹೊತ್ತಿಗೆ ಸರಿಯಾಗಿ ಉಣ್ಣು, ಮಲಕೋ. ದಿನಾ ಸಂಜೀಕ ಜೋರಾಗಿ ನಡಿ. ಆ ದಿನಗಳು ಬರಾಕತ್ತಾವ ಅಂತ ಮನ್ಯಾಗ ಮೊದ್ಲೇ ಹೇಳು. ದೊಡ್ಡ ಮಾತು ಆವಾಗ ಆಡಬ್ಯಾಡ. ಎರಡು ಮೂರು ತಿಂಗಳು ನೋಡೂಣು. ಕಡಿಮಿ ಆಗ್ಲಿಲ್ಲ, ಇಲ್ಲಾ ಜೀವಾನೇ ಬ್ಯಾಡ ಅನಿಸ್ತು ಅಂದ್ರ ಕಾಯಬ್ಯಾಡ, ಓಡಿ ಬಾ. ಔಷಧಿನೂ ಅದ.”

ಮೊದಲ ತಿಂಗಳು ಏನೂ ಬದಲಾಗಲಿಲ್ಲ. ಚಹಾ ಕಡಿಮೆ ಮಾಡಿದ್ದಕ್ಕೆ ತಲೆನೋವು ಬಂತು, ಅಷ್ಟೇ. ಆದರೂ ಖಾಲಾ ದಿನಾ ಸಂಜೆ ಅವಳನ್ನು ಎಬ್ಬಿಸಿ ನಡೆಸಿದಳು. ಎರಡನೇ ತಿಂಗಳು ಸಿಡುಕು ಇಳಿಯಿತು. ನಿದ್ದೆ ಬಂತು. ಮರಗಟ್ಟುವುದು ಪೂರ್ತಿ ಹೋಗಲಿಲ್ಲ. ಆದರೆ ಅದು ಬರುತ್ತದೆ, ಬಂದು ಹೋಗುತ್ತದೆ ಎಂಬುದು ಈಗ ಅವಳಿಗೆ ಗೊತ್ತಿತ್ತು.

ಸುಗ್ಗಿ ಮುಗಿಯುತ್ತ ಬಂತು. ಅಲ್ಲಿಯ ತನಕ ಅಲ್ಲಾವುದ್ದೀನ ಈ ಕಡೆ ಬಂದಿರಲಿಲ್ಲ.

“ಸಾವ್ಕಾರನ್ನ ಕೇಳಿ ಹುಣ್ಣಿಮಿಗೆ ಕರಸ್ಲೇನು? ಚಂದಾಗಿರ್ತಿ,” ಅಂದಳು ಖಾಲಾ.

“ಬ್ಯಾಡ. ಚಂದಾಗಿದ್ದಾಗ ನೋಡಿ ಕರಕೊಂಡು ಹೋದ್ರ, ಅಮಾಸಿಗೆ ತಿರಗಿ ಕಳಸ್ತಾರ. ಅಮಾಸಿಗೇ ಬರ್ಲಿ.”

ಖಾಲಾ ಹೇಳಿ ಕಳಿಸಿದ ಮೇಲೆ, ಅಮಾವಾಸ್ಯೆಗೆ ಅಲ್ಲಾವುದ್ದೀನ ಬಂದ. ಹೊಸ್ತಿಲ ಈಚೆ ಚಾಪೆಯ ತುದಿಯಲ್ಲಿ ಕುಳಿತ. ಖಾಲಾ ಒಳಗೆ ಹೋದಳು.

ಇವತ್ತೇ ಹೇಳಬೇಕು. ಅನಿಸಲಿ, ಅನಿಸದಿರಲಿ.

“ಇವತ್ತ ನನಗ ಏನೂ ಅನಸವಲ್ದು,” ಅಂದಳು ಜುಬೇದಾ. “ನೀವು ಬಂದದ್ದಕ್ಕ ಖುಷಿನೂ ಇಲ್ಲ. ಇದು ನಿಮ್ಮ ಮ್ಯಾಲಿನ ಸಿಟ್ಟಲ್ಲ. ಪ್ರತಿ ತಿಂಗಳು ಮುಟ್ಟಿನ ಮೊದ್ಲ ಹಿಂಗಾಗತೈತಿ, ಡಾಕ್ಟರ್ ಬಾಯಿ ಹೇಳ್ಯಾರ. ನಾಕು ದಿನದಾಗ ಹೋಗತೈತಿ. ಆಮ್ಯಾಲ ನಿಮ್ಮನ್ನ ನೆನಸಿ ಅಳತೇನಿ. ಹ್ವಾದ ತಿಂಗಳೂ ಅತ್ತೇನಿ.”

ಅವನು ತಲೆ ಎತ್ತಿ ಅವಳನ್ನು ನೋಡಿದ.

“ನನ್ನ ಸಲುವಾಗಿ ಅತ್ತಿ?”

“ಹೂಂ.”

“ನಾ ನಿನಗ ಸೇರೂದಿಲ್ಲ, ಒತ್ತಾಯಕ್ಕ ಕೊಟ್ಟಾರ ಅಂತ ತಿಳದಿದ್ನಿ.”

“ಬ್ಯಾರೆ ದಿನ ಬಂದಿದ್ರ ಗೊತ್ತಾಗತಿತ್ತು.”

“ಬ್ಯಾರೆ ದಿನ ಸಾವ್ಕಾರ ಬಿಡೂದಿಲ್ಲ.” ಅವನು ನೆಲ ನೋಡುತ್ತ ಅಂದ, “ದಿನಾ ನೋಡಬೇಕಂದ್ರ ಒಂದ ಮನ್ಯಾಗ ಇರಬೇಕು. ಬ್ಯಾಡಗಿ ಟೇಶನ್ ಹತ್ರ ಮನಿ ಸಿಕ್ಕೈತಿ. ಹೇಳಾಕ ಧೈರ್ಯ ಆಗ್ಲಿಲ್ಲ.”

“ಹಿರೇರಿಗೆ ಏನ ಹೇಳ್ತೀರಿ?”

“ಹೆಂಡ್ತಿನ್ನ ಕರಕೊಂಡು ಹೊಂಟೇನಿ ಅಂತ.”

ಅವಳಿಗೆ ಆಗಲೂ ಏನೂ ಅನಿಸಲಿಲ್ಲ. ಆದರೆ ಎದ್ದು ಬಂದು, ಚಾಪೆಯ ಇನ್ನೊಂದು ತುದಿಯಲ್ಲಿ ಕುಳಿತಳು.

“ಆ ನಾಕು ದಿನ ನಾ ಏನ ಮಾಡ್ಲಿ, ಜುಬೇದಾ?”

“ಭಾಳ ಮಾತಾಡಸಬ್ಯಾಡ್ರಿ. ಆದ್ರ ಎದ್ದೂ ಹೋಗಬ್ಯಾಡ್ರಿ.”

“ಹೋಗೂದಿಲ್ಲ.”