ಏಳನೆಯವನ ಮುಖ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದ ದೂರು ಒಂದೇ ಸಾಲಿನದು.

"ನಮ್ಮಪ್ಪನ ಮುಖ ಯಾರೋ ಅಳಿಸಿಬಿಟ್ಟಿದಾರೆ, ಸಾರ್."

ಹೇಳಿದವಳು ಮೂವತ್ತರ ಆಸುಪಾಸಿನ ದರ್ಜಿ. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಹೆಡ್ ಕಾನ್‌ಸ್ಟೇಬಲ್ ಕೊಲೆ, ಸುಲಿಗೆ ಎಲ್ಲ ಬರೆದು ಕೈ ಪಳಗಿದವನು. ಇದು ಯಾವ ಕಲಮಿಗೆ ಬರುತ್ತದೆಂದು ತಲೆ ಕೆರೆದುಕೊಂಡ.

ಇನ್‌ಸ್ಪೆಕ್ಟರ್ ಅವಳನ್ನು ಕೂರಿಸಿ ವಿಚಾರಿಸಿದರು. ಮೂವತ್ತು ವರ್ಷದ ಹಿಂದೆ ಗೋದಾಮೊಂದಕ್ಕೆ ಬೆಂಕಿ ಬಿದ್ದಾಗ ಅಗ್ನಿಶಾಮಕ ದಳದ ಏಳು ಜನ ಸತ್ತಿದ್ದರು. ಅವರು ಒಟ್ಟಿಗೆ ನಿಂತಿರುವಂತೆ ಬರೆಸಿದ ದೊಡ್ಡ ತೈಲಚಿತ್ರ ಅಗ್ನಿಶಾಮಕ ಠಾಣೆಯ ಹಾಲಿನಲ್ಲಿದೆ. ಕೊನೆಯಲ್ಲಿ ನಿಂತ ಏಳನೆಯವನು ಇವಳ ಅಪ್ಪ. ಅವನು ಸತ್ತಾಗ ಇವಳಿನ್ನೂ ಮಗ್ಗುಲು ಬದಲಿಸಲು ಬಾರದ ಕೂಸು.

"ಮನೇಲಿ ಬೇರೆ ಫೋಟೋ?"

"ಒಂದೂ ಇಲ್ಲ. ಅಪ್ಪ-ಅಮ್ಮ ಮನೆಯವರಿಗೆ ಹೇಳದೆ ಮದುವೆ ಆದೋರು. ನನಗೆ ಅಪ್ಪ ಅಂದ್ರೆ ಆ ಮುಖಾನೇ ಸಾರ್."

ಅವಳು ಟೇಪಿನ ತುದಿಯಲ್ಲೇ ಕಣ್ಣೊರೆಸಿಕೊಂಡಳು. ಎಫ್‌ಐಆರ್ ದಾಖಲಾಯಿತು.

ಹನ್ನೊಂದೂವರೆಗೆ ಸ್ಥಳ ಪಂಚನಾಮೆ. ಹಿಂದಿನ ಮಧ್ಯಾಹ್ನ ಎಲ್ಲಿಂದಲೋ ಕರೆ ಬಂದು ಸಿಬ್ಬಂದಿಯೆಲ್ಲ ವಾಹನ ಹತ್ತಿ ಹೋಗಿದ್ದರು. ಹಾಲಿಗೆ ಬೀಗ ಹಾಕುವ ವಾಡಿಕೆಯೇ ಇರಲಿಲ್ಲ.

ಉಳಿದ ಆರು ಮುಖಗಳಿಗೆ ಏನೂ ಆಗಿರಲಿಲ್ಲ. ಏಳನೆಯವನ ಮುಖವನ್ನು ಮಾತ್ರ ದ್ರಾವಣ ಹಚ್ಚಿ ಬ್ಲೇಡಿನಿಂದ ಹೆರೆದಿದ್ದರು. ಹೆಲ್ಮೆಟ್ಟಿಗೆ ಒಂದು ಗೀರೂ ಬಿದ್ದಿರಲಿಲ್ಲ. ನೆಲದ ಮೇಲೆ ಹಳೆಯ ಪೇಪರು ಹಾಸಿತ್ತು.

"ಕಿಡಿಗೇಡಿ ನೆಲ ಗಲೀಜಾಗುತ್ತೆ ಅಂತ ಪೇಪರ್ ಹಾಸ್ತಾನೇನ್ರಿ?" ಎಂದರು ಇನ್‌ಸ್ಪೆಕ್ಟರ್.

ಹೆಡ್ ಕಾನ್‌ಸ್ಟೇಬಲ್ ಟಾರ್ಚು ಬಿಟ್ಟ. ಬರಿದಾದ ಕ್ಯಾನ್ವಾಸಿನ ಮೇಲೆ ಪೆನ್ಸಿಲಿನ ಗೆರೆಗಳಿದ್ದವು. ಒಂದು ಹುಬ್ಬು, ಅರ್ಧ ಮೂಗು.

"ಇವನು ಅಳಿಸೋಕೆ ಬಂದೋನಲ್ಲ. ಬರೆಯೋಕೆ ಬಂದೋನು," ಎಂದರು ಇನ್‌ಸ್ಪೆಕ್ಟರ್.

ಚಿತ್ರದ ಮೂಲೆಯಲ್ಲಿ ಕಲಾವಿದನ ಸಹಿಯಿತ್ತು. ಅವನನ್ನೇ ಕೇಳೋಣವೆಂದು ಇಬ್ಬರೂ ಹೊರಟರು. ದರ್ಜಿಯ ಮೊಬೈಲಿನಿಂದ ತೆಗೆಸಿದ, ಮುಖ ಅಳಿಸುವ ಮೊದಲಿನ ಚಿತ್ರದ ಪ್ರತಿ ಇನ್‌ಸ್ಪೆಕ್ಟರರ ಕೈಯಲ್ಲಿತ್ತು. ಕಲಾವಿದನಿದ್ದದ್ದು ಒಂದು ಫ್ರೇಮು ಅಂಗಡಿಯ ಮೇಲಿನ ಕೋಣೆಯಲ್ಲಿ. ಬಾಗಿಲು ತೆರೆದವನಿಗೂ ಏಳನೆಯವನದೇ ಮುಖ, ಮೂವತ್ತು ವರ್ಷ ಹೆಚ್ಚಾಗಿತ್ತು ಅಷ್ಟೆ.

"ಅಲ್ಲ ಸಾರ್," ಹೆಡ್ ಕಾನ್‌ಸ್ಟೇಬಲ್ ಪಿಸುಗುಟ್ಟಿದ. "ಚಿತ್ರದಲ್ಲಿ ಮಚ್ಚೆ ಎಡಗೆನ್ನೇಲಿದೆ. ಇವರಿಗೆ ಬಲಗಡೆ."

ಮುದುಕನ ಕಿವಿ ಚುರುಕಾಗಿತ್ತು. "ಕನ್ನಡಿ ನೋಡ್ಕೊಂಡು ಬರೆದ್ರೆ ಹಾಗೇ ಆಗೋದು. ಒಳಗೆ ಬನ್ನಿ."

"ಸತ್ತವನ ಜಾಗದಲ್ಲಿ ನಿಮ್ಮ ಮುಖ ಯಾಕೆ?"

"ಆರು ಜನರ ಫೋಟೋ ಕೊಟ್ರು. ಏಳನೆಯವನು ಕೆಲಸಕ್ಕೆ ಸೇರಿ ವಾರ ಆಗಿತ್ತಷ್ಟೆ. ಕಚೇರಿಗೆ ಕೊಡೋಕೆ ತೆಗೆಸಿದ್ದ ಒಂದೇ ಫೋಟೋ ಅವನ ಜೇಬಲ್ಲಿತ್ತು."

ಆ ಜೇಬು ಏನಾಯಿತೆಂದು ಇನ್‌ಸ್ಪೆಕ್ಟರ್ ಕೇಳಲಿಲ್ಲ.

"ಹಿಂದಿನ ಕಾಲದ ಚಿತ್ರಗಾರರು ಗುಂಪಿನ ಮೂಲೇಲಿ ತಮ್ಮ ಮುಖಾನೂ ಸೇರಿಸ್ತಿದ್ರು. ನಾನೂ ಕನ್ನಡಿ ಮುಂದೆ ಕೂತೆ."

"ಈಗ ಅಳಿಸಿದ್ದು?"

"ಹೋದ ತಿಂಗಳು ಧೂಳು ತೆಗೆಯೋಕೆ ಕರೆದಿದ್ರು. ಏಳನೆಯವನ ಮಗಳು ತನ್ನ ಮಗನ್ನ ಎತ್ಕೊಂಡು ಬಂದ್ಲು. 'ತಾತಂಗೆ ಮುತ್ತು ಕೊಡು' ಅಂದ್ಲು. ಮಗು ನನ್ನ ಕೆನ್ನೆಗೆ ಕೊಡ್ತು. ನಾನು ಹಿಂದೇನೇ ಬಕೆಟ್ ಹಿಡ್ಕೊಂಡು ನಿಂತಿದ್ದೆ." "ಸತ್ತವನ ಪಾಲಿನ ಮುತ್ತು ಸಾರ್ ಅದು."

"ಹೊಸ ಮುಖ ಎಲ್ಲಿಂದ ತರ್ತಿದ್ರಿ?"

"'ನಾನು ಅಪ್ಪನ ಪಡಿಯಚ್ಚಂತೆ, ಚಿತ್ರ ನೋಡಿದ್ರೆ ಹಾಗನ್ಸೋದೇ ಇಲ್ಲ' ಅಂತ ಅವಳು ನಗ್ತಿದ್ಲು. ಹೋಗುವಾಗ ಅವಳ ಮುಖ ನೋಡಿಟ್ಕೊಂಡೆ. ನಿನ್ನೆ ಅದನ್ನೇ ಬರೀತಿದ್ದೆ, ಅರ್ಧಕ್ಕೇ ವಾಹನದ ಸದ್ದು ಕೇಳಿಸ್ತು, ಓಡಿಬಂದೆ."

ಸಾರ್ವಜನಿಕ ಸ್ವತ್ತಿಗೆ ಹಾನಿ ಮಾಡಿದ ಆರೋಪದ ಮೇಲೆ ಅವನನ್ನು ಬಂಧಿಸಿ ಕರೆತಂದರು. ಸಂಜೆ ದರ್ಜಿ ಅಮ್ಮನ ಜೊತೆ ಬಂದಳು, ಬಂದವಳೇ ಹರಿಹಾಯ್ದಳು.

"ನನಗೆ ಆ ಮುಖಾನೇ ವಾಪಸ್ ಬೇಕು!"

"ಅದು ನಂದು ತಾಯಿ," ಎಂದ ಮುದುಕ.

ಅವಳು ಆಗ ಅವನನ್ನು ಸರಿಯಾಗಿ ನೋಡಿದಳು. ಮೆಲ್ಲಗೆ ಅಮ್ಮನ ಕಡೆ ತಿರುಗಿದಳು.

"ನಿನಗೆ ಗೊತ್ತಿತ್ತಾ?"

"ಚಿತ್ರದ ಪರದೆ ಸರಿಸಿದ ದಿನಾನೇ."

"ಮತ್ಯಾಕೆ ಸುಮ್ಮನಿದ್ದೆ?"

"ನೀನು ಕಂಕುಳಲ್ಲಿದ್ದೆ. ಆ ಮುಖ ನೋಡಿ ಕೈ ಚಾಚಿ ನಕ್ಕೆ. ಅಪ್ಪ ಅನ್ನೋಕೆ ನಿನಗೊಂದು ಮುಖ ಸಿಕ್ತಲ್ಲ ಅಂತ ಬಾಯಿ ಮುಚ್ಕೊಂಡೆ."

ಇನ್‌ಸ್ಪೆಕ್ಟರ್ ಬಿಳಿ ಹಾಳೆ, ಪೆನ್ಸಿಲು ತರಿಸಿದರು. ಅಮ್ಮ ಮಗಳನ್ನು ಬೆಂಚಿನ ಮೇಲೆ ಕೂರಿಸಿ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಮುದುಕ ಬರೆಯತೊಡಗಿದ.

"ಕಿವಿ ಇನ್ನೂ ಅಗಲ," ಎಂದಳು ಅಮ್ಮ. "ಮೀಸೆ ಅಷ್ಟಿಲ್ಲ, ಆಗಷ್ಟೇ ಬರ್ತಿತ್ತು. ಕಣ್ಣು ಹಾಗೇ ಇರಲಿ, ಮುಟ್ಟಬೇಡಿ."

ಅತ್ತ ಇನ್‌ಸ್ಪೆಕ್ಟರ್ ಕೇಸ್ ಡೈರಿ ಬಿಚ್ಚಿ, ಉದ್ದೇಶ ಎಂದಿದ್ದಲ್ಲಿ ಬರೆದರು: ತನಗೆ ಸಲ್ಲದ ಪ್ರೀತಿಯನ್ನು ಸಲ್ಲಬೇಕಾದವರಿಗೆ ಹಿಂತಿರುಗಿಸುವುದು. ಮೇಲಿನವರು ನಕ್ಕಾರು ಎನಿಸಿತು, ಆದರೂ ಹೊಡೆದುಹಾಕಲಿಲ್ಲ.

"ಸಾಕು," ಎಂದಳು ಅಮ್ಮ. "ಇವರೇ."

ಮಗಳು ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಬಹಳ ಹೊತ್ತು ನೋಡಿದಳು.

"ಅಮ್ಮ, ಅಪ್ಪ ನನಗಿಂತ ಚಿಕ್ಕೋನು," ಎಂದಳು.