ತೆರೆದೊಡನೆ ಸಾಯುವ ಫೋಟೋಗಳು

ನಡೆದದ್ದನ್ನೇ ಹೇಳುತ್ತೇನೆ, ಒಗ್ಗರಣೆ ಮಾತ್ರ ನನ್ನದು. ಎರಡು ಸಾವಿರದ ಏಳರಲ್ಲಿ ತಿಪಟೂರಿನ ಒಂದು ಸ್ಟುಡಿಯೋದಲ್ಲಿ ಭಾನುಪ್ರಿಯಾ ಸತ್ತಳು. ಕಂಪ್ಯೂಟರಿನ ತೆರೆಯ ಮೇಲೆ. ಅದನ್ನು ಅವಳೇ ಎದುರಿಗೆ ಕೂತು ನೋಡಿದಳು.

ಅವಳ ನಿಶ್ಚಿತಾರ್ಥದ ಫೋಟೋ. ತೆರೆದೊಡನೆ ಕೆನ್ನೆ ಕೆಂಪು, ಸೀರೆ ಹಸಿರು. ಉಸಿರೆಳೆಯುವಷ್ಟರಲ್ಲಿ ಬಣ್ಣವೆಲ್ಲ ಇಳಿದುಹೋಯಿತು. ಮುಖ ಬೂದಿ. ಸುತ್ತಲಿಂದ ಕತ್ತಲೆ ಮುತ್ತಿತು. ಮುಂದಿನ ಫೋಟೋದಲ್ಲೂ ಅದೇ ಸಾವು.

ಫೋಟೋ ನೋಡಲು ಜೊತೆಗೆ ಬಂದಿದ್ದ ಗಂಡಿನ ಸೋದರತ್ತೆ ದ್ರಾಕ್ಷಾಯಣಮ್ಮ ಎದ್ದು ನಿಂತರು.

"ಈ ಹುಡುಗೀಲಿ ಜೀವ ನಿಲ್ತಾ ಇಲ್ಲ. ಸಂಬಂಧ ಬ್ಯಾಡ ಬುಡಿ."

ಭಾನುಪ್ರಿಯಾಗೆ ಹುಡುಗ ಹಿಡಿಸಿದ್ದ. ತುರುವೇಕೆರೆಯಲ್ಲಿ ಕಂಪ್ಯೂಟರ್ ಪಾಠ ಹೇಳುವವಳು ಕಂಪ್ಯೂಟರಿನಿಂದಲೇ ಮದುವೆ ಕಳೆದುಕೊಳ್ಳುವುದೇ? ಒಂದು ಕಾಫಿ ಕುಡಿಯುವಷ್ಟು ಹೊತ್ತು ಕೊಡಿ ಎಂದು ಅತ್ತೆಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಬಂದಳು.

* * *

ಸ್ಟುಡಿಯೋ ಮಾಲೀಕ ರೇಣುಕಪ್ರಸಾದ್ ಮೊದಲು ವೈರಸ್ ಅಂದ. ಆಮೇಲೆ ತಪ್ಪನ್ನು ನಿಶ್ಚಿತಾರ್ಥದ ಹಸಿ ತೆಂಗಿನ ಗರಿಯ ಚಪ್ಪರದ ಮೇಲೆ ಹಾಕಿದ. ಭಾನುಪ್ರಿಯಾ ಇನ್ಸ್‌ಪೆಕ್ಟರ್ ದನಿ ತೆಗೆದಳು.

"ರೀ ಪ್ರಸಾದ್, ಚಪ್ಪರ ಮುಖಾನ ಹಸಿರು ಮಾಡ್ತದೆ. ಬೂದಿ ಮಾಡಲ್ಲ."

ನಿಶ್ಚಿತಾರ್ಥಕ್ಕೆ ಬಳಸಿದ್ದ ಹೊಸ ಕ್ಯಾಮೆರಾದಲ್ಲೇ ಅವನನ್ನು ಬಿಸಿಲಿಗೆ ನಿಲ್ಲಿಸಿ ಫೋಟೋ ತೆಗೆದಳು. ತೆರೆದರು. ರೇಣುಕಪ್ರಸಾದ್ ನಗುತ್ತಾ ಕಾಣಿಸಿಕೊಂಡ. ಮರುಕ್ಷಣ ಸತ್ತ.

"ನಾನೂನಾ?" ಅಂದ.

ಸ್ಟುಡಿಯೋದ ಹಳೆಯ ಕ್ಯಾಮೆರಾದ ಫೋಟೋ ತೆರೆದರೆ ಬಣ್ಣ ಬಣ್ಣವಾಗಿಯೇ ಉಳಿಯಿತು. ಅಂದರೆ ವೈರಸ್ ಅಲ್ಲ, ಹುಡುಗಿಯೂ ಅಲ್ಲ.

ಭಾನುಪ್ರಿಯಾ ಪಾಠ ಶುರುಮಾಡಿದಳು. "ಇವು ರಾ ಫೋಟೋ, ಅಂದ್ರೆ ಇನ್ನೂ ಬೇಯಿಸದ ಹಸಿ ಫೈಲು. ಅದರೊಳಗೆ ಕ್ಯಾಮೆರಾನೇ ಮಾಡಿಟ್ಟ ಚಿಕ್ಕ ಚಿತ್ರ ಇರ್ತದೆ. ಮೊದ್ಲು ಕಾಣೋದು ಅದು. ಆಮೇಲೆ ಸಾಫ್ಟ್‌ವೇರ್ ತನ್ನ ಸೆಟ್ಟಿಂಗ್ ಹಾಕ್ತದೆ. ನಾವು ಸಾಯೋದು ಅಲ್ಲಿ."

ಸೆಟ್ಟಿಂಗ್ ತೆರೆದಳು. ಬಣ್ಣ ಪೂರ್ತಿ ತಳಕ್ಕೆ. ಅಂಚು ಪೂರ್ತಿ ಕಪ್ಪು.

"ಈ ಕ್ಯಾಮೆರಾದಲ್ಲಿ ಕೊನೇಗೆ ಯಾರ ತಿಥಿ ಫೋಟೋ ಮಾಡಿದ್ರಿ?"

ರೇಣುಕಪ್ರಸಾದ್ ತಲೆ ತಗ್ಗಿಸಿದ. ಮಾಯಸಂದ್ರದ ಲಕ್ಷ್ಮಯ್ಯನವರದು. ಮನೆಯವರು ತಂದ ಹಳೆಯ ಚಿತ್ರವನ್ನು ಹೊಸ ಕ್ಯಾಮೆರಾದಲ್ಲಿ ಮತ್ತೆ ತೆಗೆದು, ಗೋಡೆಗೆ ತೂಗುಹಾಕಲು ಬೂದಿ ಬಣ್ಣ ಕೊಟ್ಟು, ಅಂಚು ಕಪ್ಪಾಗಿಸಿದ್ದ. ಮುಂದಿನ ಹೆಣಕ್ಕೆ ಮತ್ತೆ ಯಾಕೆ ಕಷ್ಟವೆಂದು, ಈ ಕ್ಯಾಮೆರಾಗೆ ಇದೇ ಖಾಯಂ ಎಂದು ಒತ್ತಿಬಿಟ್ಟಿದ್ದ. ಅಂದಿನಿಂದ ಅದರ ಕಣ್ಣಿಗೆ ಬಿದ್ದವರಿಗೆಲ್ಲ ತಿಥಿಯೇ.

* * *

ಭಾನುಪ್ರಿಯಾ ಅದನ್ನು ತಕ್ಷಣ ಸರಿಮಾಡಲಿಲ್ಲ. ಅತ್ತೆಯನ್ನು ಒಳಗೆ ಕರೆದು, ನಗಿಸಿ, ಒಂದು ಫೋಟೋ ತೆಗೆದಳು. ತೆರೆದಳು.

ಮೂಗುತಿ ಹೊಳೆಯಿತು. ನಂದಿತು. ಬೂದಿ ಮುಖವೊಂದು ಕತ್ತಲೊಳಗಿನಿಂದ ದ್ರಾಕ್ಷಾಯಣಮ್ಮನನ್ನೇ ನೋಡುತ್ತಿತ್ತು.

ಆಗ ಭಾನುಪ್ರಿಯಾ ಸೆಟ್ಟಿಂಗ್ ತೆಗೆದುಹಾಕಿದಳು. ಮೂಗುತಿ ಮತ್ತೆ ಹೊಳೆಯಿತು.

"ಇದು ಲಕ್ಷ್ಮಯ್ಯನವರ ತಿಥಿ ಸೆಟ್ಟಿಂಗ್ ಅತ್ತೆ. ನಾವೆಲ್ಲ ಬದುಕಿದ್ದೀವಿ."

ದ್ರಾಕ್ಷಾಯಣಮ್ಮ ತೆರೆಯ ಮೇಲಿನ ತಮ್ಮ ಮುಖ ನೋಡಿ ರೇಣುಕಪ್ರಸಾದ್ ಕಡೆ ತಿರುಗಿದರು.

"ಆ ಬೂದಿದೂ ಒಂದು ಇಟ್ಕೊಂಡಿರು ಕಣಪ್ಪ, ನಾ ಸತ್ತಾಗ ಶಿವಗಣಾರಾಧನೆ ಕಾರ್ಡಿಗೆ ಆಯ್ತದೆ. ಮೊದ್ಲು ಇವಳ ಮದ್ವೇದು ಬಣ್ಣದಾಗೆ ತೆಗಿ."

ಹಾಗೆಂದು ಅವರು ನಕ್ಕ ನಗು ಎದುರಿನ ಬಸ್ ಸ್ಟ್ಯಾಂಡಿಗೂ ಕೇಳಿಸಿತು.